ಮೊದಲು ಎತ್ತಿದ್ದು ಕಲ್ಲನ್ನು

ನಮ್ಮೂರು ಹೊಸದುರ್ಗ ತಾಲೂಕಿನ ಮಾಡದಕೆರೆ ಹೋಬಳಿಯಲ್ಲಿದೆ. ಊರ ಮುಂದೆ ಟಾರು ರಸ್ತೆ ಆದಮೇಲೆ ನಾವು ಕಣ ಮಾಡುವುದನ್ನು ಬಿಟ್ಟೆವು. ಕಣವೆಂದರೆ ನೆಲ ಕೆತ್ತಬೇಕು, ನೀರು ಚಿಮುಕಿಸಿ ಗಟ್ಟಿ ಮಾಡಬೇಕು, ಸಗಣಿ ಬಳಿಯಬೇಕು, ಆಮೇಲೆ ಯಾರದೋ ಎತ್ತು ಕೇಳಿಕೊಂಡು ಬಂದು ದಿನವಿಡೀ ಸುತ್ತಬೇಕು. ರಸ್ತೆಗೆ ಇದ್ಯಾವುದೂ ಬೇಡ. ಹುರುಳಿ ಗಿಡವನ್ನೋ ರಾಗಿ ತೆನೆಯನ್ನೋ ತಂದು ಟಾರಿನ ಮೇಲೆ ಹರವಿ, ಬೇವಿನ ಮರದ ಕೆಳಗೆ ಕುಳಿತರೆ ಆಯಿತು. ಬಸ್ಸು, ಲಾರಿ, ಟ್ರ್ಯಾಕ್ಟರುಗಳು ತಾವಾಗಿಯೇ ತುಳಿದುಕೊಂಡು ಹೋಗುತ್ತವೆ. ನಡುನಡುವೆ ಎದ್ದು ಮಗುಚಿ ಹಾಕಿದರೆ ಸಂಜೆಗೆ ಕಾಳು ಬೇರೆ, ಹೊಟ್ಟು ಬೇರೆ. ಸರ್ಕಾರ ನಮಗೆ ಮಾಡಿಕೊಟ್ಟದ್ದರಲ್ಲಿ ನಾವು ಪೂರ್ತಿಯಾಗಿ ಬಳಸಿಕೊಂಡದ್ದು ಈ ರಸ್ತೆಯನ್ನೇ.

ಸುಗ್ಗಿಯಲ್ಲಿ ಒಂದು ಸಲ ಪೊಲೀಸರು ಬರುತ್ತಾರೆ, ರಸ್ತೆಯಲ್ಲಿ ಒಕ್ಕಣೆ ಮಾಡಬಾರದು ಎಂದು ಬೈಯುತ್ತಾರೆ. ನಾವು ಹುರುಳಿಯನ್ನು ಪಕ್ಕಕ್ಕೆ ಎಳೆಯುತ್ತೇವೆ. ಜೀಪು ತಿರುವು ದಾಟಿದ ಮೇಲೆ ಮತ್ತೆ ಹರವುತ್ತೇವೆ. ಇದರಲ್ಲಿ ಯಾರಿಗೂ ಯಾರ ಮೇಲೂ ಬೇಸರವಿಲ್ಲ.

ಕಲ್ಲಿಡುವುದೂ ಈ ಒಕ್ಕಣೆಯ ಒಂದು ಭಾಗ. ಕಾರಿನವರು ಹರವಿದ್ದನ್ನು ತುಳಿಯದೆ ಪಕ್ಕದಲ್ಲಿ ಖಾಲಿ ಉಳಿದ ಜಾಗದಲ್ಲಿ ನುಸುಳಿ ಹೋಗುತ್ತಾರೆ. ಹಾಗೆ ಹೋಗದಂತೆ ಅಂಚಿನಲ್ಲಿ ಕಲ್ಲು ಸಾಲಾಗಿ ಇಡುತ್ತೇವೆ. ಆದರೆ ಬೈಕಿನವರು ಜಾರಿ ಬೀಳುತ್ತಾರೆಂದು ಕಲ್ಲಿನ ಸಾಲಿಗೂ ರಸ್ತೆಯ ಅಂಚಿಗೂ ನಡುವೆ ಬೈಕು ಹೋಗುವುದಕ್ಕಿಂತ ಒಂದು ಗೇಣು ಹೆಚ್ಚೇ ದಾರಿ ಬಿಡುವುದು ವಾಡಿಕೆ. ಇದನ್ನು ಯಾರೂ ಬರೆದಿಟ್ಟಿಲ್ಲ. ಎಲ್ಲರೂ ಪಾಲಿಸುತ್ತಾರೆ. ಆ ವರ್ಷ ನಾನು ಪಾಲಿಸಲಿಲ್ಲ.

ಆ ದಿನ ಗಾಡಿಗಳು ಕಡಿಮೆ ಇದ್ದವು. ಬಸ್ಸು ಒಂದು ಬಂದರೆ ಮತ್ತೊಂದು ಬರುವಷ್ಟರಲ್ಲಿ ಎಲೆ ಅಡಿಕೆ ಹಾಕಿ ಉಗಿದು ಮುಗಿಯುತ್ತಿತ್ತು. ಬೈಕುಗಳು ಮಾತ್ರ ಒಂದರ ಹಿಂದೊಂದು ಬರುತ್ತಿದ್ದವು, ಒಂದೂ ನನ್ನ ಹುರುಳಿಯನ್ನು ಮುಟ್ಟದೆ ಅಂಚಿನಲ್ಲಿ ಹೋಗುತ್ತಿದ್ದವು. ಇವೂ ಸ್ವಲ್ಪ ತುಳಿಯಲಿ ಎಂದುಕೊಂಡೆ. ಮನೆಯ ಹಿತ್ತಲಿಂದ ಒಂದು ಕಲ್ಲು ತಂದು ಆ ದಾರಿಗೆ ಅಡ್ಡ ಇಟ್ಟೆ. ಅದು ನಮ್ಮ ಅವ್ವನ ಬೀಸುಕಲ್ಲಿನ ಮೇಲಿನ ಹೋಳು. ಗೂಟ ಹೊಡೆಯುವ ತೂತಿನ ಹತ್ತಿರ ಚಕ್ಕೆ ಎದ್ದಿತ್ತು. ಅವ್ವ ಹೋದಮೇಲೆ ಅದರಲ್ಲಿ ಯಾರೂ ಬೀಸಿರಲಿಲ್ಲ. ಚಿಕ್ಕವಳಿದ್ದಾಗ ನನ್ನ ತಂಗಿ ಅವ್ವನ ಎದುರು ಕುಳಿತು ಅದರ ಗೂಟಕ್ಕೆ ಕೈ ಹಾಕುತ್ತಿದ್ದಳು. ಗಾಡಿಗಳು ಹೋದ ಹಾಗೆ ಹುರುಳಿ ಸೊಪ್ಪು ಅಂಚಿಗೆ ಸರಿಯುತ್ತಾ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಕಲ್ಲು ಸೊಪ್ಪಿನ ಕೆಳಗಿತ್ತು. ಅದು ನನಗೆ ಕಾಣುತ್ತಿರಲಿಲ್ಲ, ಆದರೆ ಅಲ್ಲಿದೆ ಎಂದು ಗೊತ್ತಿತ್ತು.

ತಂಗಿಯನ್ನು ಹೊಳಲ್ಕೆರೆ ತಾಲೂಕಿನ ರಾಮಗಿರಿ ಕಡೆಗೆ ಕೊಟ್ಟಿದ್ದೇವೆ. ಅವಳ ಗಂಡ ನನಗಿಂತ ವಯಸ್ಸಿನಲ್ಲಿ ದೊಡ್ಡವರು, ಭಾವ ಎನ್ನುತ್ತೇನೆ. ಆಗ ಒಂದು ಖಾಸಗಿ ಶಾಲೆಯ ವ್ಯಾನು ಓಡಿಸುತ್ತಿದ್ದರು. ಅವರಷ್ಟು ನಿಧಾನಕ್ಕೆ ಗಾಡಿ ಓಡಿಸುವವರನ್ನು ನಾನು ನೋಡಿಲ್ಲ. ಅವರ ಬೈಕನ್ನು ಹಾಲಿನ ಕ್ಯಾನು ಕಟ್ಟಿದ ಸೈಕಲ್ಲುಗಳು ಹಿಂದೆ ಹಾಕುತ್ತಿದ್ದವು. ಎದುರಿಗೂ ಹಿಂದೆಯೂ ನರಪಿಳ್ಳೆ ಇಲ್ಲದ ಕಡೆಯೂ ಇಂಡಿಕೇಟರ್ ಹಾಕಿಯೇ ತಿರುಗುತ್ತಿದ್ದರು. ಯಾರಿಗೆ ತೋರಿಸುತ್ತೀರಿ ಎಂದು ನಾನು ಒಂದು ಸಲ ಕೇಳಿದ್ದೆ. ಅಭ್ಯಾಸ ತಪ್ಪಬಾರದು ಎಂದಿದ್ದರು. ಅವರ ಊರಲ್ಲಿ ಹೆಲ್ಮೆಟ್ಟು ಹಾಕಿಕೊಂಡು ಹೊಲಕ್ಕೆ ಹೋಗುತ್ತಿದ್ದವರು ಅವರೊಬ್ಬರೇ. ಅದನ್ನೂ ಚಿತ್ರದುರ್ಗದ ಹೈವೇ ಪಕ್ಕದಲ್ಲಿ ರಾಶಿ ಹಾಕಿ ಮಾರುವವರ ಹತ್ತಿರ ಕೊಳ್ಳದೆ, ಅಂಗಡಿಗೆ ಹೋಗಿ ಐಎಸ್ಐ ಮುದ್ರೆ ನೋಡಿ, ಬಿಲ್ಲು ಕೇಳಿ ತಂದಿದ್ದರು.

ಒಕ್ಕಣೆ ನಡೀತಾ ಐತೆ, ಬಂದು ಹೊಸ ಹುರುಳಿ ತಗೊಂಡು ಹೋಗಿ ಎಂದು ಬೆಳಿಗ್ಗೆ ಫೋನು ಮಾಡಿದವನು ನಾನೇ. ಅದು ಭಾನುವಾರ, ವ್ಯಾನಿಗೆ ರಜೆ. ಬಿಸಿಲು ಇಳಿಯುವ ಹೊತ್ತಿಗೆ ಇಬ್ಬರೂ ಬಂದರು. ದೂರದಿಂದಲೇ ಗುರುತು ಹಿಡಿದೆ, ಅಷ್ಟು ನಿಧಾನಕ್ಕೆ ಬರುವ ಬೈಕು ಬೇರೆ ಇಲ್ಲ. ತಂಗಿ ಸೀರೆ ಉಟ್ಟು ಒಂದೇ ಕಡೆ ಕಾಲು ಹಾಕಿ ಕುಳಿತಿದ್ದಳು. ಭಾವ ಹುರುಳಿ ನೋಡಿ ಇಂಡಿಕೇಟರ್ ಹಾಕಿದರು, ಬೈಕಿನವರಿಗೆ ಬಿಡುವ ದಾರಿಗೆ ಇಳಿದರು.

ನಾನು ಕೂಗಬಹುದಿತ್ತು. ಬಾಯಲ್ಲಿ ಎಲೆ ಅಡಿಕೆ ಇತ್ತು.

ಮುಂದಿನ ಚಕ್ರ ಕಲ್ಲಿಗೆ ಹತ್ತಿ ಹೊರಳಿತು. ಬೈಕು ಜೋರಾಗಿಯೂ ಬೀಳಲಿಲ್ಲ. ಎಮ್ಮೆ ಮಲಗುವ ಹಾಗೆ ಮಲಗಿತು. ತಂಗಿಯ ಮಂಡಿ ಕೆಳಗಿತ್ತು, ಬೈಕು ಅದರ ಮೇಲಿತ್ತು. ಭಾವ ಆ ಕಡೆ ಮಣ್ಣಿಗೆ ಬಿದ್ದು, ತಲೆ ಅಲುಗಿ, ತಾನು ಎಲ್ಲಿದ್ದೇನೆ ಎಂದು ತಿಳಿಯದೆ ಆಕಾಶ ನೋಡುತ್ತಿದ್ದರು.

ನಾನು ಓಡಿದೆ. ಮೊದಲು ಕಲ್ಲನ್ನು ಎತ್ತಿದೆ. ಎರಡು ಕೈಯಲ್ಲಿ ಎತ್ತಿ, ಬೇಲಿಯ ಆ ಕಡೆ ಹಾಕಿ, ಆಮೇಲೆ ಬಂದು ತಂಗಿಯ ಕಾಲ ಮೇಲಿದ್ದ ಬೈಕನ್ನು ಎತ್ತಿದೆ.

ಇನ್ನೊಂದು ಗಾಡಿ ಬಂದು ಅದಕ್ಕೆ ತಾಗೀತೆಂದು ಎತ್ತಿದೆ ಎಂದು ಎಷ್ಟೋ ತಿಂಗಳು ನನಗೆ ನಾನೇ ಹೇಳಿಕೊಂಡೆ. ಹಾಗಿದ್ದರೆ ಉಳಿದ ಕಲ್ಲುಗಳನ್ನೂ ಎತ್ತಬೇಕಿತ್ತು. ಅವು ಕತ್ತಲಾಗುವವರೆಗೂ ಅಲ್ಲೇ ಇದ್ದವು. ಅವು ದಾರಿ ಬದಿಯ ಕಲ್ಲುಗಳು, ಯಾರವೂ ಅಲ್ಲ. ಇದೊಂದೇ ನಮ್ಮ ಮನೆಯದು.

ತಂಗಿಯನ್ನು ಆಟೋದಲ್ಲಿ ಹೊಸದುರ್ಗಕ್ಕೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ದುರ್ಗಕ್ಕೆ ಕರೆದುಕೊಂಡು ಹೋದೆವು. ಮಂಡಿಚಿಪ್ಪು ಹೋಳಾಗಿತ್ತು, ಕೆಳಗಿನ ಮೂಳೆಯೂ ಮುರಿದಿತ್ತು. ಪ್ಲೇಟು, ಸ್ಕ್ರೂ ಹಾಕಿದರು. ಕಾಲು ಪೂರ್ತಿ ಮಡಚಲು ಬರುವುದಿಲ್ಲ, ನೆಲದ ಮೇಲೆ ಕೂರಲು ಆಗುವುದಿಲ್ಲ ಎಂದರು. ತಂಗಿ ಕೇಳಿದ್ದು ಒಂದೇ ಮಾತು, ರೊಟ್ಟಿ ಹೆಂಗೆ ತಟ್ಟಲಿ ಎಂದು. ಡಾಕ್ಟರು ನಿಂತುಕೊಂಡು ತಟ್ಟಿ ಎಂದರು.

ಆಸ್ಪತ್ರೆಯಿಂದ ಸುದ್ದಿ ಹೋಗಿ, ಮಾರನೇ ದಿನ ಊರಿಗೆ ಪೊಲೀಸರು ಬಂದು ಜಾಗ ನೋಡಿ ನಕ್ಷೆ ಬರೆದುಕೊಂಡರು. ಅಷ್ಟರಲ್ಲಿ ನನ್ನ ಹೆಂಡತಿ ಹುರುಳಿಯನ್ನು ಬಳಿದು ಒಳಗೆ ಹಾಕಿದ್ದಳು. ರಸ್ತೆ ನಮ್ಮೂರಲ್ಲಿ ಎಂದೂ ಇಲ್ಲದಷ್ಟು ಚೊಕ್ಕಟವಾಗಿತ್ತು. ಇಲ್ಲಿ ಯಾರು ಕಾಳು ಹಾಕಿದ್ದರು ಎಂದು ಕೇಳಿದ್ದಕ್ಕೆ ನೆರೆಯವನು, ಇಲ್ಲಿ ಎಲ್ಲರೂ ಹಾಕುತ್ತಾರೆ ಎಂದನಂತೆ. ಎಲ್ಲರೂ ಎಂದು ಬರೆದುಕೊಳ್ಳಲು ಬರುವುದಿಲ್ಲವಾದ್ದರಿಂದ ಅವರು ಏನೂ ಬರೆದುಕೊಳ್ಳಲಿಲ್ಲ.

ಹೊಸದುರ್ಗದ ಒಬ್ಬ ವಕೀಲರ ಹತ್ತಿರ ಹೋದೆವು. ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಆಫೀಸು. ಅವರು ಕೆಟ್ಟವರಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಪರಿಹಾರ ಬೇಕೆಂದರೆ ಯಾರಾದರೂ ತಪ್ಪು ಮಾಡಿರಬೇಕು. ತಪ್ಪು ಮಾಡಿದವರ ಗಾಡಿಗೆ ಇನ್ಶೂರೆನ್ಸ್ ಇರಬೇಕು.

“ರಸ್ತೆಗೆ ಇನ್ಶೂರೆನ್ಸ್ ಇಲ್ಲ, ಹುರುಳಿಗೂ ಇಲ್ಲ. ಬೈಕಿಗೆ ಐತೇನ್ರಿ?” ಎಂದು ಕೇಳಿದರು.

ಇತ್ತು. ಹಿಂದೆ ಕುಳಿತವರಿಗೂ ಸೇರುವ ಹಾಗೆ, ಒಂದು ದಿನವೂ ತಪ್ಪದ ಹಾಗೆ, ಭಾವ ಪ್ರತಿ ವರ್ಷ ಕಟ್ಟಿಸುತ್ತಿದ್ದರು. ನನ್ನ ಬೈಕಿಗೆ ಇನ್ಶೂರೆನ್ಸ್ ಮುಗಿದು ಎಷ್ಟು ಕಾಲವಾಗಿದೆಯೋ ನನಗೇ ಗೊತ್ತಿಲ್ಲ. ಅಂದರೆ ನಮ್ಮ ಮನೆತನದಲ್ಲಿ ತಪ್ಪು ಹೊರಿಸಲು ಯೋಗ್ಯರಾಗಿದ್ದವರು ಭಾವ ಒಬ್ಬರೇ.

ಅವರು ಒಪ್ಪಿದರು. ಓಡಿಸುತ್ತಿದ್ದವನು ನಾನೇ ಅಲ್ಲವೇ, ಅವಳ ಕಾಲಿನ ಖರ್ಚಿಗೆ ಏನಾದರೂ ಬಂದರೆ ಸಾಕು ಎಂದರು. ಸ್ಟೇಷನ್ನಿನಲ್ಲಿ ದೂರು ಕೊಡಬೇಕಾದವನು ಕಣ್ಣಾರೆ ಕಂಡ ನಾನು. ಅಲ್ಲಿ ಬರೆಯುವವರಿಗೆ ವಾಕ್ಯ ಬಾಯಿಪಾಠವಿತ್ತು: ಅತಿವೇಗ ಮತ್ತು ಅಜಾಗರೂಕತೆಯಿಂದ ಓಡಿಸಿಕೊಂಡು ಬಂದು. ಓದಿ ನೋಡಿ ಎಂದರು. ನಾನು ಏಳನೇ ಕ್ಲಾಸಿನವರೆಗೆ ಓದಿದವನು, ಅಜಾಗರೂಕತೆ ಎಂಬಲ್ಲಿ ತಡವರಿಸಿದೆ. ಸಹಿ ಮಾತ್ರ ತಡವರಿಸದೆ ಹಾಕಿದೆ.

ಊರಿನವರಿಗೆ ಇದು ನಗೆಯಾಯಿತು. ಚಹಾ ಅಂಗಡಿಯ ಮುಂದೆ ನನ್ನನ್ನು ತಡೆದು ಒಬ್ಬ ಕೇಳಿದ, “ಏನಲೇ, ನಿನ್ ಭಾವ ಸ್ಪೀಡಾಗಿ ಬಂದ್ನಂತೆ? ಅವ್ನು ತನ್ ಮದುವೆಗೇ ಮುಹೂರ್ತ ಮುಗಿಯೋ ಹೊತ್ತಿಗೆ ಬಂದಿದ್ನಲ್ಲೋ.” ಎಲ್ಲರೂ ನಕ್ಕರು. ನಾನೂ ನಕ್ಕೆ. ಹಾಗೆ ನಕ್ಕದ್ದೂ ಒಂದು ಸಾಕ್ಷಿಯೇ ಎಂದು ಆಗ ಹೊಳೆಯಲಿಲ್ಲ.

ಮೊದಲು ಪೊಲೀಸರ ಕೇಸು ಬಂತು. ತಪ್ಪು ಒಪ್ಪಿಕೊಂಡರೆ ದಂಡ ಕಟ್ಟಿ ಮನೆಗೆ ಹೋಗಬಹುದು ಎಂದು ವಕೀಲರು ಹೇಳಿದರು. ಭಾವ ಒಪ್ಪಿಕೊಂಡು, ದಂಡ ಕಟ್ಟಿ, ಮನೆಗೆ ಹೋದರು. ಪರಿಹಾರದ ಕೇಸು ನಿಧಾನಕ್ಕೆ ನಡೆಯಿತು. ತಂಗಿ ಕೋಲು ಊರಿಕೊಂಡು ಬಂದು, ಕಟಕಟೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತು, ತನ್ನ ಗಂಡ ಜೋರಾಗಿ ಬರುತ್ತಿದ್ದರು, ನಿಧಾನ ಎಂದರೂ ಕೇಳಲಿಲ್ಲ ಎಂದು ಹೇಳಿದಳು. ಗಂಡ ಹಿಂದಿನ ಬೆಂಚಿನಲ್ಲಿ ಅವಳ ಚಪ್ಪಲಿ, ನೀರಿನ ಬಾಟಲಿ ಕಾಯುತ್ತಾ ಕುಳಿತಿದ್ದರು. ಹೊರಗೆ ಬಂದಮೇಲೆ ಅವಳಿಗೆ ಮಜ್ಜಿಗೆ ಕೊಡಿಸಿ, ಬಸ್ಸಿನಲ್ಲಿ ಕಾಲು ಚಾಚಲು ಸೀಟು ಹಿಡಿದುಕೊಟ್ಟರು.

ಆಮೇಲೆ ನನ್ನ ಸರದಿ. ಇನ್ಶೂರೆನ್ಸಿನ ವಕೀಲರು ಹಿರಿಯೂರಿನಿಂದ ಬರುತ್ತಿದ್ದರು. ಕೋರ್ಟಿನಲ್ಲಿ ಪ್ರಶ್ನೆ ಪ್ರಶ್ನೆಯ ಹಾಗೆ ಇರುವುದಿಲ್ಲ. ಒಂದು ಸಂಗತಿ ಹೇಳಿ, ಹೀಗೆಂದರೆ ಸರಿಯೇ ಎನ್ನುತ್ತಾರೆ. ನಾವು ಹೌದು ಅಥವಾ ಸರಿಯಲ್ಲ ಎನ್ನಬೇಕು. ರಸ್ತೆಯ ಮೇಲೆ ಕಾಳು ಹರವಿ ಕಲ್ಲು ಇಟ್ಟಿದ್ದರು, ಕಲ್ಲಿಗೆ ತಾಗಿಯೇ ಬೈಕು ಬಿತ್ತು ಎಂದರೆ, ಎಂದರು. ಅವರು ನಮ್ಮೂರನ್ನು ನೋಡಿದವರಲ್ಲ, ಆದರೆ ನಮ್ಮ ತಾಲೂಕು ಗೊತ್ತಿದ್ದವರು. ನಾನು “ಸರಿಯಲ್ಲ” ಎಂದೆ. ಟೈಪು ಮಾಡುವವರು ಟೈಪು ಮಾಡಿದರು. ಬೈಕು ಓಡಿಸುತ್ತಿದ್ದವರದು ಏನೂ ತಪ್ಪಿಲ್ಲ ಎಂದರೆ, ಎಂದರು. “ಸರಿಯಲ್ಲ” ಎಂದೆ. ಭಾವ ಹಿಂದಿನ ಬೆಂಚಿನಲ್ಲಿದ್ದರು. ನಾನು ತಿರುಗಿ ನೋಡಲಿಲ್ಲ.

ಪರಿಹಾರ ಬಂತು. ಆಸ್ಪತ್ರೆಯ ಸಾಲ ತೀರಿತು, ತಂಗಿಯ ಹೆಸರಿನಲ್ಲಿ ಬ್ಯಾಂಕಿನಲ್ಲೂ ಉಳಿಯಿತು. ಹುರುಳಿಯ ವಿಷಯ ಮನೆಯಲ್ಲಿ ಯಾರೂ ಎತ್ತಲಿಲ್ಲ, ಅದು ಎಲ್ಲರಿಗೂ ಗೊತ್ತಿದ್ದ ವಿಷಯ. ಕಲ್ಲಿನ ವಿಷಯ ಗೊತ್ತಿದ್ದವನು ನಾನೊಬ್ಬನೇ ಎಂದುಕೊಂಡಿದ್ದೆ.

ನಮ್ಮಲ್ಲಿ ಯಾರೂ ಎಣಿಸದೇ ಇದ್ದದ್ದು ಶಾಲೆಯನ್ನು. ಆ ಶಾಲೆಯವರು ಡ್ರೈವರುಗಳ ಹಿಂದಿನ ಕೇಸುಗಳನ್ನು ವಿಚಾರಿಸಿದರು. ಅತಿವೇಗದ ಕೇಸಿನಲ್ಲಿ ಶಿಕ್ಷೆಯಾದವರ ಕೈಗೆ ಮಕ್ಕಳ ವ್ಯಾನು ಕೊಡುವಂತಿಲ್ಲವಂತೆ. ನಿಯಮ ಸರಿಯಾಗಿಯೇ ಇದೆ. ನನ್ನ ಮಕ್ಕಳಿದ್ದ ವ್ಯಾನಾಗಿದ್ದರೆ ನಾನೂ ಹಾಗೇ ಹೇಳುತ್ತಿದ್ದೆ. ಭಾವ ಕೀ ಕೊಟ್ಟು ಬಂದರು. ಆಮೇಲೆ ಒಂದು ಕೊಬ್ಬರಿ ಮಂಡಿಯಲ್ಲಿ ಕಾವಲಿಗೆ ಸೇರಿದರು. ಬೈಕನ್ನು ಕೊಟ್ಟಿಗೆಯಲ್ಲಿ ನಿಲ್ಲಿಸಿ ಮೇಲೆ ಚೀಲ ಹೊದಿಸಿದರು.

ಒಂದು ದಿನ ಅವರ ಮನೆಗೆ ಹೋಗಿದ್ದಾಗ, ತಂಗಿ ಒಳಗಿದ್ದಳು, ಭಾವ ಜಗುಲಿಯಲ್ಲಿ ನನ್ನ ಹತ್ತಿರಕ್ಕೆ ಸರಿದು ಕುಳಿತರು.

“ಏನಪ್ಪ, ನೀನು ಕಣ್ಣಾರೆ ಕಂಡೋನು. ಕೇಸು ಮುಗೀತು, ಈಗ ನಿಜ ಹೇಳು. ಅವತ್ತು ನಾನು ಎಷ್ಟರಲ್ಲಿ ಬರ್ತಿದ್ದೆ?”

ನಾನು ಮಾಮೂಲಿನಂತೆ ಎಂದೆ.

“ಮಾಮೂಲಿನಂಗೆ ಬಂದಿದ್ರೆ ಬೀಳ್ತಿರ್ಲಿಲ್ಲ. ಹುರುಳಿ ಮೇಲೆ, ರಾಗಿ ಮೇಲೆ ಎಷ್ಟು ಸಲ ಬಂದಿಲ್ಲ ನಾನು. ಅಂಚಿನ ದಾರೀಲಿ ಬಂದ್ರೂ ಜಾರ್ತು ಅಂದ್ರೆ ಜೋರಾಗೇ ಬಂದಿರ್ಬೇಕು. ನನಗೆ ನೆಪ್ಪಿಲ್ಲ, ಅದಕ್ಕೆ ಕೇಳ್ದೆ.”

ಬೀದಿಯಲ್ಲಿ ಒಂದು ಟ್ರ್ಯಾಕ್ಟರು ಹೋಯಿತು. ಅದು ಪೂರ್ತಿ ಹೋಗುವವರೆಗೂ ಕಾದರು. ಪೊಲೀಸರು ಬರೆದಿದ್ದರು, ಕೋರ್ಟು ಹೇಳಿತ್ತು, ಹೆಂಡತಿ ಹೇಳಿದ್ದಳು. ಉಳಿದವನು ನಾನು. ನನಗೆ ಹೆದರಿಕೆಯಾಯಿತು. ಒಂದು ಕಡೆ ಒಂದು, ಇನ್ನೊಂದು ಕಡೆ ಒಂದು ಹೇಳಿದರೆ ಎಲ್ಲಿ ಎಳೆ ಬಿಚ್ಚಿಕೊಳ್ಳುತ್ತದೋ ಎಂದು.

“ಸ್ವಲ್ಪ ಜೋರಾಗೇ ಇತ್ತು, ಭಾವ,” ಎಂದೆ.

ಅವರು ತಲೆಯಾಡಿಸಿದರು. ಹೇಳಿದ್ದು ಒಳ್ಳೆಯದಾಯಿತು ಎಂದರು.

ಕಲ್ಲು ಎತ್ತಿದ್ದನ್ನು ಗಾಬರಿ ಎನ್ನಬಹುದು. ಕೋರ್ಟಿನಲ್ಲಿ ಹೇಳಿದ್ದನ್ನು ತಂಗಿಯ ಕಾಲಿಗಾಗಿ ಎನ್ನಬಹುದು. ಜಗುಲಿಯ ಮೇಲೆ ಹೇಳಿದ್ದಕ್ಕೆ ನಾನು ಇವತ್ತಿನವರೆಗೆ ಹೆಸರು ಹುಡುಕುತ್ತಿದ್ದೇನೆ.

ಅದಾದ ಮೇಲಿನ ಸುಗ್ಗಿಗೆ ಹುರುಳಿ ಬಂತು. ನಾನು ರಸ್ತೆಗೆ ಹಾಕಲಿಲ್ಲ. ಹಿತ್ತಲಿನ ಹಳೇ ಕಣದ ಜಾಗ ಕೆತ್ತಿ, ಸಗಣಿ ಬಳಿದೆ. ಎತ್ತು ಸಿಗಲಿಲ್ಲ, ಕೋಲಿನಲ್ಲೇ ಬಡಿದೆ. ಊರಿನವರು ಬಂದು ನೋಡಿ, ಗುಡಿಗೇನಾದರೂ ಹರಕೆ ಹೊತ್ತಿದ್ದೀಯಾ ಎಂದು ಕೇಳಿ ಹೋದರು. ತಂಗಿ ಬಸ್ಸಿನಲ್ಲಿ ಬಂದಳು. ಕಣದ ಅಂಚಿಗೆ ಕುರ್ಚಿ ಹಾಕಿಕೊಟ್ಟೆ. ಕಾಲು ಮುಂದೆ ಚಾಚಿ ಕುಳಿತು ಸ್ವಲ್ಪ ಹೊತ್ತು ನಾನು ಬಡಿಯುವುದನ್ನು ನೋಡಿದಳು.

“ಅವ್ವನ ಕಲ್ಲು ಎಲ್ಲಣ್ಣ?” ಎಂದಳು.

ಎಲ್ಲೋ ಇರಬೇಕು ಎಂದೆ.

“ಬೇಲಿ ಆಕಡೆ ಹಾಕಿದ್ಯಲ್ಲ, ಅಲ್ಲೇ ಬಿಟ್ಟಿದೀಯೋ, ತಂದಿದೀಯೋ?”

ಕೋಲು ಕೆಳಗಿಟ್ಟೆ. ಅವಳು ನನ್ನ ಮುಖ ನೋಡಲಿಲ್ಲ, ಹುರುಳಿ ನೋಡುತ್ತಿದ್ದಳು. ಬಿದ್ದಾಗ ಎಚ್ಚರ ಇತ್ತು, ಕಾಲ ಮೇಲೆ ಬೈಕು ಇತ್ತು, ನಾನು ಓಡಿ ಬರುವುದು ಕಂಡು ಧೈರ್ಯ ಬಂತು, ಆಮೇಲೆ ನಾನು ಅವಳನ್ನು ದಾಟಿ ಹೋದೆ ಎಂದಳು. ಯಾಕೆ ಹೇಳಲಿಲ್ಲ ಎಂದೆ.

“ಯಾರಿಗೆ ಹೇಳ್ಲಿ? ಹೇಳಿದ್ರೆ ನಿನ್ನ ಮೇಲೆ ಕೇಸು, ನಂಗೆ ಬರಿಗೈ. ಅವ್ರು ಗಟ್ಟಿ, ತಡ್ಕಂತಾರೆ ಅನ್ಕಂಡೆ. ತಡ್ಕಳ್ಲಿಲ್ಲ ಅಣ್ಣ. ಬಸ್ಸಲ್ಲಿ ಕುಂತ್ರೆ ಡ್ರೈವರ್ ಜತೆ ಇವ್ರೂ ಕಾಲಲ್ಲಿ ಬ್ರೇಕ್ ತುಳೀತಾರೆ. ತಮ್ ಕೈಲಿ ಗಾಡಿ ಇರಬಾರ್ದು ಅಂತಾರೆ. ನಾನೂ ಕೋರ್ಟಲ್ಲಿ ಅದನ್ನೇ ಹೇಳಿದೀನಿ, ಈಗ ನಾನು ಇಲ್ಲ ಅಂದ್ರೆ ಸಮಾಧಾನಕ್ಕೆ ಅಂತಾಳೆ ಅಂದ್ಕಂತಾರೆ. ಕಲ್ಲಿನ ಮಾತು ಎತ್ತಿದ್ರೆ ತವರಿನ ಮೇಲೆ ದೂರು ಹೇಳ್ದಂಗಾಗ್ತೈತೆ. ಇಟ್ಟೋನು ನೀನು. ನೀನೇ ಹೇಳು.”

ಆಮೇಲೆ ಹೊಸ ಹುರುಳಿ ಕೇಳಿದಳು. ಕಟ್ಟಿಕೊಟ್ಟೆ. ಬಸ್ಸು ಹತ್ತಿಸಿ ಬಂದೆ. ಬೇಲಿಯ ಆ ಕಡೆ ಹೋಗಿ ನೋಡಿದೆ. ಕಲ್ಲು ಅಲ್ಲೇ ಇತ್ತು, ಅದರ ತೂತಿನಲ್ಲಿ ಹುಲ್ಲು ಬೆಳೆದಿತ್ತು.

ಮುಂದಿನ ಭಾನುವಾರ ರಾಮಗಿರಿಗೆ ಹೋದೆ. ಭಾವ ಊಟಕ್ಕೆ ಕುಳಿತಿದ್ದರು, ನನಗೂ ತಟ್ಟೆ ಹಾಕಿಸಿದರು. ಊಟ ಮುಗಿಯಲಿ ಎಂದುಕೊಂಡೆ, ಆದರೆ ಮುದ್ದೆ ಮುರಿಯುವ ಮೊದಲೇ ಹೇಳಿದೆ. ಬೈಕಿನವರ ದಾರಿಗೆ ಕಲ್ಲಿಟ್ಟವನು ನಾನು. ಸೊಪ್ಪು ಮುಚ್ಚಿಕೊಂಡಿದ್ದು ಗೊತ್ತಿತ್ತು. ನೀವು ಬೀಳುವುದನ್ನು ನೋಡಿ ಮೊದಲು ಕಲ್ಲನ್ನೇ ಎತ್ತಿದೆ. ನೀವು ಜೋರಾಗಿ ಬರಲಿಲ್ಲ, ಜಗುಲಿಯ ಮೇಲೆ ನಾನು ಹೇಳಿದ್ದು ಸುಳ್ಳು. ಇಷ್ಟನ್ನು ಒಂದೇ ಉಸಿರಿಗೆ ಹೇಳಿದೆ. ಬೈಯುತ್ತಾರೆ ಎಂದು ತಟ್ಟೆ ನೋಡುತ್ತಾ ಕುಳಿತೆ. ತಂಗಿ ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದಳು.

ಅವರು ಬೈಯಲಿಲ್ಲ. ಕೈ ತೊಳೆದುಕೊಂಡರು. ಹೆಂಡತಿಯ ಕಡೆ ಒಮ್ಮೆ ನೋಡಿದರು. ಅವಳು ತಲೆ ತಗ್ಗಿಸಿದಳು, ಅವರಿಗೆ ಅದೂ ತಿಳಿಯಿತು. ಕೊಟ್ಟಿಗೆಗೆ ಹೋಗಿ ಬೈಕಿನ ಮೇಲಿನ ಚೀಲ ತೆಗೆದರು. ಗಾಳಿ ಇಳಿದಿತ್ತು, ಪಂಪು ತರಲು ನನಗೆ ಹೇಳಿದರು. ಕಿಕ್ಕರ್ ಒದ್ದು ಒದ್ದು ಬೆವರಿದ ಮೇಲೆ ಹತ್ತಿಕೊಂಡಿತು. ಹೆಲ್ಮೆಟ್ಟಿನೊಳಗೆ ಇರುವೆ ಇದ್ದವು, ಕೊಡವಿ ಹಾಕಿಕೊಂಡರು.

“ಹಿಂದೆ ಕುಂತ್ಕ,” ಎಂದರು. “ನಿಮ್ಮೂರಿಗೆ ಹೋಗಾಣ. ನಾನು ಓಡಿಸ್ತೀನಿ. ಅವತ್ತು ಹೆಂಗಿತ್ತೋ ಹಂಗೆ ಬಂದಾಗ ಹೇಳು.”

ಹೊಳಲ್ಕೆರೆ ತಾಲೂಕು ದಾಟುವವರೆಗೆ ಅವರು ಬ್ರೇಕಿನ ಮೇಲಿಂದ ಕಾಲು ತೆಗೆಯಲಿಲ್ಲ. ಹೊಸದುರ್ಗದ ಸಂತೆ ಬೀದಿಯಲ್ಲಿ ತೆಂಗಿನಕಾಯಿ ಲಾರಿಯೊಂದು ಹಿಂದಿನಿಂದ ಹಾರನ್ ಹೊಡೆದಾಗ ಪೂರ್ತಿ ನಿಂತುಬಿಟ್ಟರು. ಊರಾಚೆ ಬಂದಮೇಲೆ ಸ್ವಲ್ಪ ಹಗುರಾದರು.

“ಇಷ್ಟೇನಾ?” ಎಂದು ಕೇಳಿದರು.

“ಇದಕ್ಕಿಂತ ನಿಧಾನ, ಭಾವ.”

ಇಳಿಸಿದರು. ಒಂದು ಸೈಕಲ್ಲು ನಮ್ಮನ್ನು ದಾಟಿ ಹೋಯಿತು.

“ಈಗ?”

“ಹಾಂ. ಹಿಂಗೇ ಇತ್ತು.”

ಅದೇ ವೇಗದಲ್ಲಿ ಬಹಳ ದೂರ ಹೋದೆವು. ಶಾಲೆಯವರಿಗೆ ನಾನೇ ಬಂದು ಹೇಳುತ್ತೇನೆ, ಕೋರ್ಟಿಗೂ ಬೇಕಾದರೆ ಹೇಳುತ್ತೇನೆ ಎಂದೆ. ಹೇಳಿದರೆ ಅವಳ ಪರಿಹಾರ ವಾಪಸ್ ಕೇಳುತ್ತಾರೆ, ಬೇಡ, ಎಂದರು. ಸ್ವಲ್ಪ ದೂರ ಹೋದಮೇಲೆ, ನನಗೆ ಗೊತ್ತಾಯಿತಲ್ಲ ಎಂದರು. ಅದು ನನ್ನನ್ನು ಕ್ಷಮಿಸಿದ್ದೋ ಅಲ್ಲವೋ ತಿಳಿಯಲಿಲ್ಲ. ಹೆಲ್ಮೆಟ್ಟಿನೊಳಗಿನ ಮುಖ ಹಿಂದೆ ಕುಳಿತವನಿಗೆ ಕಾಣುವುದಿಲ್ಲ.

ನಮ್ಮೂರಿನ ತಿರುವಿಗೆ ಬರುವಾಗ ಬಿಸಿಲು ಇಳಿದಿತ್ತು. ಯಾರದೋ ರಾಗಿ ಹರವಿತ್ತು. ಅಂಚಿನಲ್ಲಿ ಕಲ್ಲಿನ ಸಾಲು ಇತ್ತು. ಬೈಕಿನ ದಾರಿಯ ಬಾಯಿಗೇ ಹುಲ್ಲು ಬಿದ್ದಿತ್ತು, ಕೆಳಗೆ ಏನಿದೆ ಎಂದು ಕಾಣುತ್ತಿರಲಿಲ್ಲ. ಭಾವ ಇಂಡಿಕೇಟರ್ ಹಾಕಿ, ಪಕ್ಕಕ್ಕೆ ತೆಗೆದು ನಿಲ್ಲಿಸಿದರು. ನಾನು ಇಳಿದು ಹುಲ್ಲು ಸರಿಸಿದೆ. ಕೆಳಗೆ ಸಾಲಿನಿಂದ ಉರುಳಿ ಬಂದ ಒಂದು ಕಲ್ಲಿತ್ತು. ಎತ್ತಿದೆ. ಬೇವಿನ ಮರದ ಕೆಳಗಿನಿಂದ ಒಬ್ಬ ಹೆಂಗಸು ಎದ್ದು ನಿಂತಳು.

“ಯಾರ್ರಿ ಅದು? ಕಲ್ಲು ಮುಟ್ಬ್ಯಾಡ್ರಿ, ಗಾಡಿಗಳೆಲ್ಲ ಪಕ್ಕದಾಗೆ ಹೋಗ್ತವೆ.”

ಅವಳ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಕಲ್ಲು ಹಿಡಿದುಕೊಂಡೇ ಬೇಲಿಯವರೆಗೆ ನಡೆದೆ, ಅವಳು ಹಿಂದೆಯೇ ಬೈಯುತ್ತಾ ಬಂದಳು. ಆಚೆ ಹಾಕಿ ತಿರುಗಿ ನೋಡಿದರೆ ರಸ್ತೆಯಲ್ಲಿ ಬೇರೆ ಯಾವ ಗಾಡಿಯೂ ಇರಲಿಲ್ಲ. ಭಾವ ಒಂದು ಕಾಲು ನೆಲಕ್ಕೆ ಊರಿ ನನಗಾಗಿ ಕಾಯುತ್ತಿದ್ದರು. ಇಂಡಿಕೇಟರ್ ಇನ್ನೂ ಮಿನುಗುತ್ತಿತ್ತು.